ವರ್ಷಕ್ಕೊಮ್ಮೆ ಬರುವ ಕಾಫಿ ದುಡ್ಡು, ತಿಂಗಳಿಗೊಮ್ಮೆ ಕೇಳುವ ಪರದೇಶ

2025ರ ಮಾರ್ಚ್ 28, ಶುಕ್ರವಾರ. ಯುಗಾದಿಗೆ ಇನ್ನೆರಡೇ ದಿನ. ಚಿಕ್ಕಮಗಳೂರಿನ ಒಂದು ಬ್ಯಾಂಕಿನ ಮೊದಲ ಮಹಡಿಯಲ್ಲಿ ಕೂತಿದ್ದೆ. ಕೈಯಲ್ಲಿ ಮಗಳ ಪ್ರವೇಶ ಪತ್ರ, ನನ್ನ ಪ್ಯಾನ್ ಕಾರ್ಡು, ಹೊರದೇಶಕ್ಕೆ ದುಡ್ಡು ಕಳಿಸಲು ತುಂಬುವ ಎ2 ಅನ್ನುವ ಫಾರಂ. ಓದಲು ಹೊರಟ ಮಗಳ ಒಂದು ವರ್ಷದ ಖರ್ಚಿಗೆ ಜರ್ಮನಿಗೆ 11,904 ಯೂರೋ ಕಳಿಸಬೇಕಿತ್ತು. ರೋಬಸ್ಟಾ ಕಾಫಿ ಮಾರಿದ ದುಡ್ಡು ಖಾತೆಗೆ ಬಂದು ವಾರವಾಗಿತ್ತಷ್ಟೆ. ಬೇರೆ ಯಾವುದಕ್ಕೋ ಕರಗಿಹೋಗುವ ಮೊದಲೇ ಕಳಿಸಿಬಿಟ್ಟರೆ ನಿಶ್ಚಿಂತೆ ಅಂತ ನನ್ನ ಲೆಕ್ಕ.

ಕೌಂಟರಿನ ಹುಡುಗ ಕ್ಯಾಲ್ಕುಲೇಟರ್ ಒತ್ತಿ ತಲೆಯೆತ್ತಿದ. "ಅಮ್ಮಾ, ಎಲ್ಲಾ ಇವತ್ತೇ ಕಳಿಸಿದರೆ ಇಪ್ಪತ್ತು ಸಾವಿರದ ಮೇಲೆ ಟಿಸಿಎಸ್ ಹೋಗುತ್ತೆ. ಅರ್ಧ ಇವತ್ತು ಕಳಿಸಿ, ಇನ್ನರ್ಧ ಏಪ್ರಿಲ್‌ನಲ್ಲಿ ಕಳಿಸಿ. ಏನೂ ಹಿಡಿಯಲ್ಲ."

ಅವನ ಲೆಕ್ಕ ಸರಿಯಾಗೇ ಇತ್ತು. ನಮ್ಮ ದೇಶದಿಂದ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಬ್ಯಾಂಕಿನವರು ಇದನ್ನು ಎಲ್‌ಆರ್‌ಎಸ್ ಅನ್ನುತ್ತಾರೆ. 2004ರಲ್ಲಿ ಶುರುವಾದಾಗ ಮಿತಿ 25,000 ಡಾಲರ್ ಇತ್ತು. ಹೀಗೆ ಕಳಿಸುವ ಮೊತ್ತ ಒಂದು ಗೆರೆ ದಾಟಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯುತ್ತದೆ, ಅದೇ ಟಿಸಿಎಸ್. ಆ ಮಾರ್ಚ್‌ವರೆಗೆ ಗೆರೆ 7 ಲಕ್ಷಕ್ಕಿತ್ತು. 2025ರ ಏಪ್ರಿಲ್ 1ರಿಂದ 10 ಲಕ್ಷಕ್ಕೆ ಏರಿತು. ಆ ದಿನ ಬ್ಯಾಂಕು ಹೇಳಿದ ದರ ಯೂರೋಗೆ 94 ರೂಪಾಯಿ. ಒಟ್ಟು 11 ಲಕ್ಷ 19 ಸಾವಿರ. ಏಳು ಲಕ್ಷ ಕಳೆದು ಉಳಿದದ್ದಕ್ಕೆ, ಸ್ವಂತ ದುಡ್ಡಿನಿಂದ ಓದಿಗೆ ಕಳಿಸುವವರ ಅಂದಿನ ದರ ಶೇ. 5ರಂತೆ, ಸುಮಾರು 20,900 ರೂಪಾಯಿ.

ಸರಿ ಅಂತ 6,000 ಯೂರೋ ಅವತ್ತೇ ಕಳಿಸಿದೆ. ಉಳಿದ 5,904 ಏಪ್ರಿಲ್‌ಗೆ. ಏಪ್ರಿಲ್ ಬಂದಾಗ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಗೋಡೌನಿನಲ್ಲಿ ಉಳಿದಿದ್ದ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಇನ್ನೂ ಸ್ವಲ್ಪ ರೇಟು ಬರಲಿ ಅಂತ ಕಾದೆ. ಅದೇ ತಿಂಗಳ 2ನೇ ತಾರೀಕು ಅಮೆರಿಕ ಹೊಸ ಸುಂಕ ಘೋಷಿಸಿತು, ಡಾಲರ್ ಬಿತ್ತು, ಯೂರೋ ಎದ್ದಿತು. ಮೂರನೇ ವಾರದಲ್ಲಿ ನಾನು ಮತ್ತೆ ಅದೇ ಕೌಂಟರಿಗೆ ಹೋಗುವ ಹೊತ್ತಿಗೆ ಯೂರೋ ನಾಲ್ಕು ರೂಪಾಯಿಗೂ ಹೆಚ್ಚು ಏರಿತ್ತು. 5,904ನ್ನು ನಾಲ್ಕರಿಂದ ಗುಣಿಸಿ ನೋಡಿ: 23,616 ರೂಪಾಯಿ.

ಕಹಿ ಎಲ್ಲಿದೆ ಅಂದರೆ, ಟಿಸಿಎಸ್ ಹೋದ ದುಡ್ಡಲ್ಲ. ಅದು ನಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿರುತ್ತದೆ, ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ. ದರದಲ್ಲಿ ಹೋದದ್ದು ಹೋಯಿತು. ವಾಪಸ್ ಬರುವ ಇಪ್ಪತ್ತು ಸಾವಿರ ಉಳಿಸಲು ಹೋಗಿ ವಾಪಸ್ ಬರದ ಇಪ್ಪತ್ಮೂರು ಸಾವಿರ ಕಳೆದೆ. ತೋಟದ ಚೆಕ್‌ರೋಲ್ ಬರೆಯುವವಳು ನಾನೇ, ಕೂಲಿ ಲೆಕ್ಕದಲ್ಲಿ ಐದು ರೂಪಾಯಿ ತಪ್ಪಿದರೂ ರಾತ್ರಿ ನಿದ್ದೆ ಬರುವುದಿಲ್ಲ. ಇದನ್ನು ಮಾತ್ರ ಯಜಮಾನರಿಗೆ ಹೇಳಲು ಒಂದು ತಿಂಗಳು ಬೇಕಾಯಿತು.

ಮಗಳು ಹೋದಮೇಲೆ ಮೂಡಿಗೆರೆ ಕಡೆಯವರು, ಸಕಲೇಶಪುರದ ನೆಂಟರು, ಸಂತೆಯಲ್ಲಿ ಸಿಕ್ಕವರು, ಎಲ್ಲರೂ ಕೇಳುವುದು ಒಂದೇ ಮಾತು: ಒಟ್ಟು ಎಷ್ಟು ಲಕ್ಷ ಬೇಕು? ಒಂದು ಅಂಕಿ ಹೇಳಬಹುದು. ಆದರೆ ಹೊರದೇಶಕ್ಕೆ ಹೋಗುವವರು ಎಡವುವುದು ಮೊತ್ತದಲ್ಲಲ್ಲ, ತಾರೀಕಿನಲ್ಲಿ. ನಮ್ಮ ಕಡೆ ದುಡ್ಡು ಬರುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಒಂದೇ ಸಲ. ವೀಸಾ, ಬಾಡಿಗೆ, ವಿಮೆಗೆ ನಮ್ಮ ಕೊಯ್ಲಿನ ಪರಿಚಯವಿಲ್ಲ. ಹಾಗಾಗಿ ಖರ್ಚಿನ ಪಟ್ಟಿ ಬರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಮುಂದೆ ಹೇಳುವ ಅಂಕಿಗಳು ಬಹುಪಾಲು 2025ರವು. ಇವು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಆಯಾ ದೇಶದ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ಮತ್ತೆ ನೋಡಿಕೊಳ್ಳಿ.

ತೋರಿಸುವ ದುಡ್ಡು

ಪ್ರತಿ ದೇಶವೂ ವೀಸಾ ಕೊಡುವ ಮೊದಲು "ನಿನ್ನ ಹತ್ತಿರ ಇಷ್ಟಿದೆಯಾ ತೋರಿಸು" ಅನ್ನುತ್ತದೆ. ಇದು ಶುಲ್ಕವಲ್ಲ, ನಮ್ಮದೇ ದುಡ್ಡು. ಆದರೂ ಅದನ್ನು ಒಂದು ಕಡೆ ಕಟ್ಟಿಹಾಕಬೇಕು. ಜರ್ಮನಿಯಲ್ಲಿ ಇದಕ್ಕೆ ಬ್ಲಾಕ್ಡ್ ಅಕೌಂಟ್ ಅನ್ನುತ್ತಾರೆ. ವರ್ಷದ ಖರ್ಚು ಪೂರ್ತಿ ಮೊದಲೇ ತುಂಬಬೇಕು. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋ ಮಾತ್ರ ಬಿಡುತ್ತಾರೆ. 2021ರಲ್ಲಿ ಈ ಮೊತ್ತ 10,332 ಇತ್ತು, 2023ಕ್ಕೆ 11,208, 2024ರ ಸೆಪ್ಟೆಂಬರ್‌ನಿಂದ 11,904. ಕೆನಡಾ 10,000 ಡಾಲರ್‌ನಲ್ಲಿ ಎಷ್ಟೋ ವರ್ಷ ಕೂತಿದ್ದದ್ದು 2024ರ ಜನವರಿಯಲ್ಲಿ ಒಮ್ಮೆಗೇ 20,635ಕ್ಕೆ ಹಾರಿತು, 2025ರ ಸೆಪ್ಟೆಂಬರ್‌ನಲ್ಲಿ 22,895 ಆಯಿತು. ಆಸ್ಟ್ರೇಲಿಯಾದಲ್ಲಿ 2024ರ ಮೇ ತಿಂಗಳಿಂದ 29,710 ಆಸ್ಟ್ರೇಲಿಯನ್ ಡಾಲರ್. ಹಿಂದಿನ ವರ್ಷ ಹೋದ ಅಕ್ಕನ ಮಗನ ಲೆಕ್ಕ ಹಿಡಿದು ಈ ವರ್ಷ ಹೊರಡಬಾರದು ಅನ್ನುವುದು ಇದಕ್ಕೇ.

ಬ್ರಿಟನ್ನಿನದು ಇನ್ನೊಂದು ಬಗೆ. ಅಲ್ಲಿ ದುಡ್ಡು ಕಳಿಸಬೇಕಿಲ್ಲ, ನಮ್ಮ ಖಾತೆಯಲ್ಲೇ ಇದ್ದರೆ ಸಾಕು. ಆದರೆ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಗೊಬ್ಬರದ ಅಂಗಡಿಗೆ ಚೆಕ್ ಕೊಟ್ಟು ಬಾಕಿ ಕೆಳಗಿಳಿದರೆ ಲೆಕ್ಕ ಮೊದಲಿಂದ ಶುರು. ಜೊತೆಗೆ ಆರೋಗ್ಯ ಸರ್‌ಚಾರ್ಜ್ ಅಂತ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಅದನ್ನು ಇಡೀ ವೀಸಾ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಒಂದು ವರ್ಷದ ಕೋರ್ಸಿಗೆ ವೀಸಾ ಒಂದೂ ಕಾಲು ವರ್ಷ ದಾಟುತ್ತದೆ, ಹಾಗಾಗಿ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್. ಜಾಹೀರಾತುಗಳಲ್ಲಿ ಹಾಕುವ "ಒಟ್ಟು ವೆಚ್ಚ"ದಲ್ಲಿ ಇದು ಕಾಣಿಸುವುದೇ ಅಪರೂಪ.

ಈ ತೋರಿಸುವ ದುಡ್ಡಿನಲ್ಲಿ ತೋಟದವರಿಗೆ ಒಂದು ವಿಶೇಷ ತೊಡಕಿದೆ. ಸಂಬಳದವರ ಪಾಸ್‌ಬುಕ್ ತಿಂಗಳಿಗೊಂದು ಹೆಜ್ಜೆ ಏರುತ್ತದೆ. ನಮ್ಮದು ಹತ್ತು ತಿಂಗಳು ನೆಲಕಚ್ಚಿ, ಮಾರ್ಚ್‌ನಲ್ಲಿ ದಿಢೀರನೆ ಎಂಟು ಹತ್ತು ಲಕ್ಷ ಬೀಳುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಸಾಲ ತಂದು ಹಾಕಿದ ಹಾಗೆ ಕಾಣುತ್ತದೆ. ಅದಕ್ಕೆ ಮದ್ದು ಕಾಗದ: ಕಾಫಿ ಕೊಂಡ ವ್ಯಾಪಾರಿಯ ಬಿಲ್ಲು, ದುಡ್ಡು ನಗದಾಗಿ ಅಲ್ಲದೆ ಖಾತೆಗೇ ಬಂದ ದಾಖಲೆ, ಪಹಣಿ, ಚಾರ್ಟರ್ಡ್ ಅಕೌಂಟೆಂಟ್ ಕೊಟ್ಟ ಪತ್ರ. ಎಲ್ಲಕ್ಕಿಂತ ಮುಖ್ಯ, ರಿಟರ್ನ್ಸ್. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮ ಕಡೆ ಬಹಳ ಮನೆಗಳಲ್ಲಿ ರಿಟರ್ನ್ಸ್ ಹಾಕುವುದೇ ಇಲ್ಲ. ಚೆರ್ರಿಯಾಗಿಯೇ ಮಾರಿದರೆ ಅದು ಕೃಷಿ ಆದಾಯ ನಿಜ (ಕ್ಯೂರಿಂಗ್, ಅಂದರೆ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡಿ ಮಾರಿದರೆ ಆದಾಯದ ಶೇ. 25ನ್ನು ವ್ಯವಹಾರದ ಆದಾಯ ಅನ್ನುತ್ತಾರೆ). ಆದರೂ ಮಗ ಅಥವಾ ಮಗಳು ಪಿಯುಸಿಯಲ್ಲಿರುವಾಗಲೇ ಕೃಷಿ ಆದಾಯ ತೋರಿಸಿ ರಿಟರ್ನ್ಸ್ ಹಾಕಲು ಶುರುಮಾಡಿ. ವೀಸಾ ಕೇಳಲಿ, ಸಾಲ ಕೇಳಲಿ, "ಮೂರು ವರ್ಷದ್ದು ಕೊಡಿ" ಅಂತಲೇ ಎಲ್ಲರೂ ಕೇಳುವುದು. ಹಿಡಿದ ಟಿಸಿಎಸ್ ವಾಪಸ್ ಬರಬೇಕಾದರೂ ಅದೇ ದಾರಿ.

ಮೊದಲ ತಿಂಗಳೆಂಬ ಹಳ್ಳ

ಬ್ಲಾಕ್ಡ್ ಅಕೌಂಟಿನಲ್ಲಿ ಹನ್ನೆರಡು ಲಕ್ಷದ ಹತ್ತಿರ ದುಡ್ಡಿಟ್ಟ ಹುಡುಗಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮೊದಲ ಮೂರು ವಾರ ಬರಿಗೈಯಲ್ಲಿರಬಹುದು. ಇದು ನನಗೆ ಯಾರೂ ಹೇಳಿರಲಿಲ್ಲ.

ಆಗುವುದು ಹೀಗೆ. ಆ ಖಾತೆಯಿಂದ ದುಡ್ಡು ಬಿಡುಗಡೆಯಾಗಲು ಅಲ್ಲಿನ ಬ್ಯಾಂಕ್ ಖಾತೆ ಬೇಕು, ವಿಳಾಸ ನೋಂದಣಿಯ ಚೀಟಿ ಬೇಕು. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಾನೂನು. ಅದಕ್ಕೆ ಮನೆ ಮಾಲೀಕ ಸಹಿ ಮಾಡಿದ ಪತ್ರ ಬೇಕು. ಪ್ರವಾಸಿಗರು ತಂಗುವ ಹಾಸ್ಟೆಲಿನಲ್ಲೋ ಗೆಳತಿಯ ಕೋಣೆಯಲ್ಲೋ ಉಳಿದವರಿಗೆ ಆ ಪತ್ರ ಸಿಗುವುದಿಲ್ಲ. ಮನೆ ಸಿಗಲು ಮುಂಗಡ ಕೊಡಬೇಕು, ಮುಂಗಡ ಕೊಡಲು ದುಡ್ಡು ಬಿಡುಗಡೆಯಾಗಬೇಕು, ದುಡ್ಡು ಬಿಡುಗಡೆಯಾಗಲು ಮನೆ ಇರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಗಾದೆಯನ್ನು ಬಹುಶಃ ಇಂಥ ಕಚೇರಿಯ ಮುಂದೆ ನಿಂತವರೇ ಕಟ್ಟಿರಬೇಕು.

ಮಗಳ ಮೊದಲ ತಿಂಗಳ ಲೆಕ್ಕ ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಹನ್ನೆರಡು ರಾತ್ರಿ ಹಾಸ್ಟೆಲ್, ಯೂರೋ 420. ಕೋಣೆಯ ಮೊದಲ ಬಾಡಿಗೆ 410. ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ 820. ಕಾನೂನಿನ ಪ್ರಕಾರ ಮಾಲೀಕರು ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಕೇಳಬಹುದು, ಆದರೆ ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ನನ್ನ ಮಗಳಿಗೆ ಅದು ಗೊತ್ತಾದದ್ದು ಪೂರ್ತಿ ಕಟ್ಟಿದ ಮೇಲೆ. ವಿಶ್ವವಿದ್ಯಾಲಯದ ಸೆಮಿಸ್ಟರ್ ಶುಲ್ಕ 310. ಆರೋಗ್ಯ ವಿಮೆ 144. ರಜಾಯಿ, ದಿಂಬು, ಎರಡು ಪಾತ್ರೆ, ಒಂದು ಕುಕ್ಕರ್ 150. ವಾಸದ ಪರವಾನಗಿಗೆ 100. ಊಟ, ಓಡಾಟ 200. ಒಟ್ಟು 2,554 ಯೂರೋ. ತಿಂಗಳಿಗೆ 992 ಸಾಕು ಅನ್ನುವ ಸರ್ಕಾರಿ ಲೆಕ್ಕ ಎರಡನೇ ತಿಂಗಳಿಂದ ನಿಜ. ಮೊದಲ ತಿಂಗಳಿಗೆ ಅದರ ಎರಡೂವರೆ ಪಟ್ಟು ಬೇಕು, ಅದೂ ಬ್ಲಾಕ್ಡ್ ಖಾತೆಯ ಹೊರಗೆ, ಯೂರೋ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡಿನಲ್ಲೋ ಕೈಯಲ್ಲೋ.

ಆಮೇಲಿನ ತಿಂಗಳುಗಳು ಹೇಗೋ ನಡೆಯುತ್ತವೆ. ಬಾಡಿಗೆ, ವಿಮೆ ಕಳೆದು ಊಟಕ್ಕೆ ಇನ್ನೂರು ಯೂರೋ ಅವಳಿಗೆ ಸಾಕಾಗುತ್ತದೆ. ರೇಡಿಯೋ, ಟೀವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಆ ಕಾಗದ ಬಂದಾಗ ಯಾರೋ ಮೋಸಗಾರರು ಕಳಿಸಿದ್ದು ಅಂತ ಅವಳು ಹರಿದುಹಾಕಿದ್ದಳು, ಅದು ನಿಜವಾದದ್ದೇ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಈ ಅಂಕಿ ತೋರಿಸಿ "ಹೋಗಿ ದುಡಿದು ತೀರಿಸಬಹುದು" ಅನ್ನುವ ಏಜೆಂಟರಿದ್ದಾರೆ. ಭಾಷೆ ಬರದವರಿಗೆ ಮೊದಲ ಸೆಮಿಸ್ಟರಿನಲ್ಲಿ ಕೆಲಸ ಸಿಕ್ಕರೆ ಅದು ಅದೃಷ್ಟ. ಬಜೆಟ್ಟಿನಲ್ಲಿ ಅದೃಷ್ಟಕ್ಕೆ ಕಾಲಂ ಇಡಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅನ್ನುವುದು ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ನಿಜ, ಎಲ್ಲ ಕಡೆ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ 2,000ದಿಂದ 6,000ದವರೆಗೆ ಶುಲ್ಕ ಇಟ್ಟಿದೆ.

ಹೆಸರಿನ ಮುಂದಿನ ಎರಡಕ್ಷರ

ನಮ್ಮ ಮಾಜಿ ಪ್ರಧಾನಿಯ ಹೆಸರು ಎಲ್ಲರಿಗೂ ಗೊತ್ತು, ಎಚ್.ಡಿ. ದೇವೇಗೌಡ. ಎಚ್ ಅಂದರೆ ಹರದನಹಳ್ಳಿ, ಡಿ ಅಂದರೆ ದೊಡ್ಡೇಗೌಡ: ಊರು, ಅಪ್ಪ, ಆಮೇಲೆ ಹೆಸರು. ಹಾಸನ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಜನರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೀಗೇ ಇರುತ್ತದೆ. ಇಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಮಾತ್ರ ಹೆಸರು ಬೇರೆ, ಸರ್‌ನೇಮ್ ಬೇರೆ ಬರೆಯಬೇಕು, ಇನಿಶಿಯಲ್ ಬಿಡಿಸಿ ಬರೆಯಬೇಕು. ಬಿಡಿಸಿದಾಗ ಊರ ಹೆಸರು ಅಪ್ಪನ ಹೆಸರಾಗುತ್ತದೆ, ಅಜ್ಜನ ಹೆಸರು ಮಗಳ ಹೆಸರಾಗುತ್ತದೆ, ಪದವಿ ಪತ್ರದ ಜೊತೆ ಯಾವುದೂ ತಾಳೆಯಾಗುವುದಿಲ್ಲ. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೂ ಸುಖವಿಲ್ಲ. ಒಂದೇ ಪದದ ಹೆಸರಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂತ 2022ರ ನವೆಂಬರ್‌ನಲ್ಲಿ ಯುಎಇ ಹೇಳಿಬಿಟ್ಟಿತ್ತು.

ಇದನ್ನು ಬಜೆಟ್ಟಿನ ಮಾತಿನ ನಡುವೆ ಯಾಕೆ ಹೇಳುತ್ತಿದ್ದೇನೆಂದರೆ, ಕಾಗದ ಪತ್ರದ ಖರ್ಚು ಶುಲ್ಕದಲ್ಲಿಲ್ಲ, ಅಲೆದಾಟದಲ್ಲಿದೆ. ಪಾಸ್‌ಪೋರ್ಟಿಗೆ 1,500 ರೂಪಾಯಿ, ತತ್ಕಾಲ್ ಬೇಕೆಂದರೆ ಮೇಲೆ 2,000. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅರ್ಧ ದಿನದ ಕೆಲಸ. ಜರ್ಮನಿಗೆ ಓದಲು ಹೋಗುವವರ ಪದವಿ ಅಸಲಿಯೆಂದು ಹೇಳುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ, ಅದಕ್ಕೆ 18,000 ರೂಪಾಯಿ. ವೀಸಾಗೆ 75 ಯೂರೋ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಹದಿನೆಂಟು ಸಾವಿರದ ಆಸುಪಾಸು. ಇವನ್ನೆಲ್ಲ ಕೂಡಿದರೆ ಅರ್ಧ ಲಕ್ಷ ಮುಟ್ಟುವುದಿಲ್ಲ. ಆದರೆ ಮಗಳ ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಿದ್ದಿಸಲು, ಬೆಳಗಾವಿಯ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ) ತರಿಸಲು, ವೀಸಾಗೆ ಬೆರಳಚ್ಚು ಕೊಡಲು ಅಂತ ಬೆಂಗಳೂರಿಗೇ ಐದು ಸಲ ಹೋಗಿ ಬಂದೆವು. ಕಾಫಿ ಕೊಯ್ಲಿನ ಸಮಯದಲ್ಲಿ ಯಜಮಾನರು ಎರಡು ದಿನ ತೋಟದಲ್ಲಿಲ್ಲ ಅಂದರೆ ಅದರ ಬೆಲೆ ತೋಟದವರಿಗೇ ಗೊತ್ತು. ಪಾಸ್‌ಪೋರ್ಟ್, ಹೆಸರು, ಟ್ರಾನ್ಸ್‌ಕ್ರಿಪ್ಟ್ ಈ ಮೂರನ್ನು ಮಳೆಗಾಲದಲ್ಲಿ, ಜುಲೈ ಆಗಸ್ಟ್‌ನಲ್ಲಿ ಮುಗಿಸಿಕೊಳ್ಳಿ. ಹೇಗೂ ಆಗ ನಾವು ಮನೆಯೊಳಗೇ ಇರುತ್ತೇವೆ.

ಸಾಲ ಕೇಳುವ ಮೊದಲು

ಹತ್ತು ಎಕರೆ ತೋಟ ಇದೆ, ಸಾಲಕ್ಕೇನು ಬರ ಅಂತ ಅಂದುಕೊಂಡವರು ವಿದ್ಯಾಭ್ಯಾಸ ಸಾಲದ ಮೇಜಿನ ಮುಂದೆ ಬೆಪ್ಪಾಗುತ್ತಾರೆ. ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುವುದು ವಾಡಿಕೆ. ಹಲವು ಬ್ಯಾಂಕುಗಳು ಈ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ. ಸಾಲ ಮುಳುಗಿದರೆ ವಸೂಲಿ ಸುಲಭವಲ್ಲ ಅನ್ನುವುದು ಅವರ ಅಂಜಿಕೆ. ಕೋಟಿ ಬೆಲೆಯ ತೋಟವಿದ್ದರೂ "ಟೌನಿನಲ್ಲಿ ಸೈಟು ಇದೆಯಾ?" ಅಂತಾರೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ಮೂವತ್ತು ನಲವತ್ತರ ಸೈಟು ಇದ್ದವನು ಅಲ್ಲಿ ನಮಗಿಂತ ದೊಡ್ಡ ಸಾಹುಕಾರ.

ಸಾಲ ಸಿಕ್ಕರೆ ಒಂದು ಅನುಕೂಲ: ಸಾಲದ ದುಡ್ಡನ್ನು ಓದಿಗೆ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. ಅನನುಕೂಲ, ಓದುವಾಗ ಕಂತು ಕಟ್ಟಬೇಕಿಲ್ಲ ಅನ್ನುವ ಮಾತಿನೊಳಗೆ ಅಡಗಿದೆ. ಕಂತಿಲ್ಲ, ಬಡ್ಡಿ ಬೆಳೆಯುತ್ತಿರುತ್ತದೆ. 20 ಲಕ್ಷಕ್ಕೆ ಶೇ. 10.5ರಂತೆ ಹಿಡಿದರೆ ತಿಂಗಳಿಗೆ 17,500. ಪೂರ್ತಿ ಸಾಲ ಮೊದಲ ದಿನವೇ ತೆಗೆದವರಿಗೆ ಎರಡೂವರೆ ವರ್ಷದಲ್ಲಿ ಐದೂಕಾಲು ಲಕ್ಷ ಮೇಲೆ ಕೂತಿರುತ್ತದೆ. ಕಾಫಿ ಮಾರಿದ ತಿಂಗಳಲ್ಲಿ ಆ ವರ್ಷದ ಬಡ್ಡಿಯನ್ನಾದರೂ ಒಮ್ಮೆಗೇ ಕಟ್ಟಿಬಿಟ್ಟರೆ ಮಕ್ಕಳ ಮೇಲೆ ಗಂಟು ಬೀಳುವುದಿಲ್ಲ. ನಮ್ಮ ದುಡ್ಡಿನ ಸ್ವಭಾವಕ್ಕೆ ಅದೇ ಹೊಂದುವುದು.

ದುಡ್ಡು ಕಳಿಸುವಾಗ ಶುಲ್ಕ ಎಷ್ಟು ಅಂತ ಕೇಳುವುದಕ್ಕಿಂತ ದರ ಎಷ್ಟು ಅಂತ ಕೇಳಿ. ಒಂದು ಬ್ಯಾಂಕಿಗೂ ಇನ್ನೊಂದಕ್ಕೂ ಯೂರೋ ಮೇಲೆ ಒಂದು ರೂಪಾಯಿ ವ್ಯತ್ಯಾಸವಿದ್ದರೆ 11,904 ಯೂರೋಗೆ 11,904 ರೂಪಾಯಿ. ಐನೂರು ರೂಪಾಯಿ ಶುಲ್ಕ ಬಿಡಿಸಿಕೊಂಡು ಬೀಗುವವರು ಇದನ್ನು ನೋಡುವುದೇ ಇಲ್ಲ. ಮಿತಿ ತಲೆಗೊಂದು ಅನ್ನುವುದೂ ನೆನಪಿರಲಿ. ಅಪ್ಪ ಒಂದಿಷ್ಟು, ಅಮ್ಮ ಒಂದಿಷ್ಟು ತಮ್ಮ ತಮ್ಮ ಖಾತೆಯಿಂದ, ತಮ್ಮ ತಮ್ಮ ಪ್ಯಾನ್ ಮೇಲೆ ಕಳಿಸಿದರೆ ಹತ್ತು ಲಕ್ಷದ ಗೆರೆ ಇಬ್ಬರಿಗೂ ಬೇರೆ ಬೇರೆ. ನಾನು ಮಾರ್ಚ್‌ನಲ್ಲೇ ಹಾಗೆ ಮಾಡಿದ್ದರೆ ಏಪ್ರಿಲ್‌ವರೆಗೆ ಕಾಯುವ ಪ್ರಸಂಗವೇ ಇರಲಿಲ್ಲ.

ಗಲ್ಫಿಗೆ ಹೋಗುವವರ ಲೆಕ್ಕ ಇದಲ್ಲ, ಚಿಕ್ಕದು, ಆದರೆ ಹೆಚ್ಚು ಅಪಾಯದ್ದು. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗನೊಬ್ಬ ಹೋದ ವರ್ಷ ಹೊರಟಿದ್ದ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಅಂತ ಇರುತ್ತದೆ; ಅವರು ಕೆಲಸಕ್ಕೆಂದು 18 ದೇಶಗಳಿಗೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಇ-ಮೈಗ್ರೇಟ್ ತಾಣದ ಮೂಲಕ. ಅಲ್ಲಿ ನೋಂದಣಿಯಾದ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಇವನಿಂದ ಒಂದೂಕಾಲು ಲಕ್ಷ ಕೇಳಿದ್ದರು. 1,200 ದಿರ್ಹಮ್ ಸಂಬಳ, ಅಂದರೆ ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ. ಊಟ, ಫೋನು ಕಳೆದು ಹದಿನೈದು ಉಳಿದರೆ ಬರೀ ಏಜೆಂಟನ ಸಾಲ ತೀರಲು ಎಂಟು ತಿಂಗಳ ಮೇಲೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆ ಎರಡು ವರ್ಷಕ್ಕೆ 275 ರೂಪಾಯಿಗೆ ಸಿಗುತ್ತದೆ. ಒಂದೂಕಾಲು ಲಕ್ಷ ಕೇಳಿದವರು ಅದರ ಹೆಸರನ್ನೇ ಎತ್ತಿರಲಿಲ್ಲ. ಹುಡುಗ ಹೋಗಲಿಲ್ಲ. ಈ ಸಲ ನೋಂದಾಯಿತ ಏಜೆಂಟರ ಪಟ್ಟಿ ನೋಡಿ ವಿಚಾರಿಸುತ್ತಿದ್ದಾನೆ.

ಕಾಫಿ ತೂಗುವ ತಕ್ಕಡಿಯಲ್ಲಿ ಸೂಟ್‌ಕೇಸ್

ಹೊರಡುವ ಹಿಂದಿನ ದಿನ ಎರಡು ಸೂಟ್‌ಕೇಸನ್ನೂ ಗೋಡೌನಿಗೆ ಒಯ್ದು ಚೆರ್ರಿ ಮೂಟೆ ತೂಗುವ ತಕ್ಕಡಿ ಮೇಲಿಟ್ಟೆವು. ಒಂದಕ್ಕೆ 23 ಕಿಲೋ ಮಿತಿ. ಮೊದಲನೆಯದು 26 ತೋರಿಸಿತು. ಯಜಮಾನರು ರೂಢಿಯಂತೆ ಗೋಣಿಯ ತೂಕ ಕಳೆಯಲು ಹೋದರು. ಚೀಲ ಬಿಚ್ಚಿದಾಗ ಮೊದಲು ಹೊರಬಂದದ್ದು ಅತ್ತೆ ಕಾಯಿಸಿ ಕೊಟ್ಟ ತುಪ್ಪ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ತುಪ್ಪಕ್ಕೂ ಅದೇ ನಿಯಮ. ಮೆಣಸು, ಒಣಗಿದ ಮಸಾಲೆ ಉಳಿದವು. ಕಾಫಿ ಪುಡಿ ಒಂದು ಕಿಲೋ ಇಟ್ಟೆವು. ಜರ್ಮನಿಯಲ್ಲಿ ಹುರಿದ ಕಾಫಿಗೇ ಪ್ರತ್ಯೇಕ ತೆರಿಗೆ ಇದೆ, ಅಂಗಡಿಯಲ್ಲಿ ಕೊಳ್ಳುವ ಪ್ರತಿ ಕಿಲೋ ಬೆಲೆಯೊಳಗೆ 2.19 ಯೂರೋ ಅದರದ್ದೇ. ನಮ್ಮ ಕಣದಲ್ಲಿ ಒಣಗಿದ ಬೀಜಕ್ಕೆ ಅಲ್ಲಿಯ ಸರ್ಕಾರ ಎಷ್ಟು ಸಂಪಾದಿಸುತ್ತದೆ ನೋಡಿ ಅಂತ ಯಜಮಾನರು ಗೊಣಗಿದರು.

ತೂಕವಿಲ್ಲದ ಒಂದು ಸಾಮಾನು ಮಾತ್ರ ಮರೆಯಬೇಡಿ: ಇಲ್ಲಿಯ ಸಿಮ್. ಆಧಾರ್, ಬ್ಯಾಂಕ್, ರಿಟರ್ನ್ಸ್ ಎಲ್ಲದರ ಒಟಿಪಿ ಆ ನಂಬರಿಗೇ ಬರುವುದು. 90 ದಿನ ಬಳಸದಿದ್ದರೆ ನಂಬರು ಕೈಬಿಟ್ಟು ಹೋಗಬಹುದು. ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ರೀಚಾರ್ಜ್ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ತೋಟ ಯಾರ ಹೆಸರಿಗೆ

ಇದನ್ನು ಕೊನೆಗಿಟ್ಟದ್ದು ಎಲ್ಲರೂ ಕೊನೆಗಿಡುವುದರಿಂದಲೇ. ಮೊದಲು ಮಾಡಬೇಕಾದ ಕೆಲಸ ಇದು.

ಹೊರಗೆ ಹೋಗಿ ದುಡಿದು ಪಕ್ಕದ ತೋಟ ಕೊಳ್ಳುತ್ತೇನೆ ಅನ್ನುವ ಆಸೆ ನಮ್ಮ ಕಡೆಯ ಎಲ್ಲ ಹುಡುಗರಿಗೂ ಇರುತ್ತದೆ. ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಪ್ರಕಾರ ಅನಿವಾಸಿ ಭಾರತೀಯರು ಮನೆ ಕೊಳ್ಳಬಹುದು, ಸೈಟು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನವಾಗಿಯೂ ಪಡೆಯುವಂತಿಲ್ಲ. ಅಂದರೆ ಮಗ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಪ್ಪ ಪ್ರೀತಿಯಿಂದ ನಾಲ್ಕು ಎಕರೆ ದಾನಪತ್ರ ಮಾಡಿಕೊಡಲು ಹೋದರೆ ತೊಡಕು. ಹೋಗುವ ಮೊದಲೇ ಹೆಸರಿಗೆ ಬಂದಿದ್ದರೆ ಅದು ಉಳಿಯುತ್ತದೆ. ಉತ್ತರಾಧಿಕಾರದಿಂದ, ವಿಲ್ ಮೂಲಕ ಬಂದರೂ ಅಡ್ಡಿಯಿಲ್ಲ. ಮುಂದೆ ಮಾರಬೇಕೆಂದರೆ ಇಲ್ಲೇ ವಾಸವಿರುವ ಭಾರತೀಯರಿಗೆ ಮಾತ್ರ ಮಾರಬೇಕು. ಓದಲು ಹೋದವರನ್ನೂ ಫೆಮಾ ಅನಿವಾಸಿ ಅಂತಲೇ ನೋಡುತ್ತದೆ, "ಬರೀ ಎರಡು ವರ್ಷದ ಕೋರ್ಸು" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಅವರ ಉಳಿತಾಯ ಖಾತೆಯನ್ನೂ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು.

ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಣ್ಣ ನಿಗದಿತ ಮೊತ್ತ. ಹಾಗಾಗಿ ಕೊಡುವವರು ಟಿಕೆಟ್ ಬುಕ್ ಮಾಡುವ ಮೊದಲೇ ಕೊಟ್ಟುಬಿಡಬಹುದು. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ನಿಂತಿದ್ದರೆ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಬ್ಯಾಂಕು, ಖಾತೆ ಕೆಲಸಗಳಿಗೆ ಮಕ್ಕಳಿಂದ ಅಧಿಕಾರ ಪತ್ರ ಇಲ್ಲೇ ಬರೆಸಿಕೊಳ್ಳಿ. ಅಲ್ಲಿಂದ ಕಳಿಸಬೇಕಾದರೆ ಅವರು ಭಾರತದ ದೂತಾವಾಸಕ್ಕೆ ಹೋಗಿ ದೃಢೀಕರಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ನಾವು ಮುದ್ರಾಂಕ ಕಟ್ಟಬೇಕು. ಮತ್ತೆ ರಜೆ, ಮತ್ತೆ ರೈಲು, ಮತ್ತೆ ಕೊರಿಯರ್.

ನಾವು ದಾನಪತ್ರ ಮಾಡಲಿಲ್ಲ. ಇಬ್ಬರು ಮಕ್ಕಳಿದ್ದಾರೆ, ಈಗಲೇ ಗೆರೆ ಎಳೆಯಲು ಮನಸ್ಸಾಗಲಿಲ್ಲ. ವಿಲ್ ಬರೆಸಿ ಮೂಡಿಗೆರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದೆವು. ಇಬ್ಬರು ಸಾಕ್ಷಿ ಬೇಕಿತ್ತು. ಒಬ್ಬರು ಪಕ್ಕದ ತೋಟದವರು, ಅವರ ಮಗ ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷ. ಸಹಿ ಹಾಕಿ ಪೆನ್ನು ಜೇಬಿಗಿಡುತ್ತಾ ಕೇಳಿದರು, "ಒಟ್ಟು ಎಷ್ಟಾಯ್ತಕ್ಕ?"

"ಹೇಳ್ತೀನಿ," ಅಂದೆ. "ಈ ಸಲ ನಿಮ್ಮ ಮೆಣಸಿನ ಕೊಯ್ಲು ಯಾವ ತಿಂಗಳು ಮುಗಿಯುತ್ತೆ?"